ಅಟ್ಟದಿಂದ ಇಳಿದ ಸೈಕಲು



ಕಳೆದ ಸಲ ಹಲಸಿನಕಾಯಿ ಹಪ್ಪಳ ಮಳೆಗಾಲದಲ್ಲಿ ಬೂಸಲು ಬಾರದ ಹಾಗೆ ಇಡುವುದು ಹೇಗೆಂದು ಬರೆದಿದ್ದೆ. ಈ ಸಲ ಅಡಿಗೆಮನೆ ಬಿಟ್ಟು ಅಂಗಳಕ್ಕೆ ಇಳಿದಿದ್ದೇನೆ. ಕೈಗೆ ಹಿಟ್ಟಿನ ಬದಲು ಗ್ರೀಸು ಮೆತ್ತಿದೆ. "ಇದೆಂತ ಹೆಂಗಸರ ಪತ್ರಿಕೆಯಲ್ಲಿ ಸೈಕಲ್ ರಿಪೇರಿ?" ಎಂದು ಹುಬ್ಬು ಏರಿಸಬೇಡಿ. ಹಳೆಯ ಸೈಕಲೊಂದನ್ನು ಸರಿಮಾಡಲು ಹೋಗಿ ನಮ್ಮ ಮನೆಯ ಒಂದು ಹಳೆಯ ಲೆಕ್ಕವೂ ಸರಿಯಾಯಿತು. ಅದನ್ನು ನಿಮ್ಮೊಡನೆ ಹೇಳಿಕೊಳ್ಳದೆ ಇರಲಾರೆ.

ಜೆಪ್ಪುವಿನಲ್ಲಿ ನನ್ನ ತವರುಮನೆ. ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ನವರು ಹೆಂಚಿನ ಕಾರ್ಖಾನೆ ತೆರೆದ ಊರು ನಮ್ಮ ಜೆಪ್ಪು. ಆದರೂ ನಮ್ಮ ಮಾಡು ಸೋರುವುದು ಮಾತ್ರ ತಪ್ಪಲಿಲ್ಲ. ಈ ಬೇಸಗೆಯಲ್ಲಿ ಹೆಂಚು ಕೈಯಾಡಿಸುವವರು ಬಂದಾಗ ಅಮ್ಮ, "ಅಟ್ಟ ಖಾಲಿ ಮಾಡಿಕೊಡು ಮಗಾ" ಎಂದು ನನ್ನನ್ನು ಕರೆಸಿದರು. ಒಡೆದ ಮಣೆ, ತೂತಾದ ಕೊಡಪಾನ, ಗೋಣಿಚೀಲ ಎಲ್ಲದರ ಹಿಂದೆ ಗೋಡೆಗೆ ಒರಗಿ ನಿಂತಿತ್ತು ಅಣ್ಣನ ಸೈಕಲು. ದಪ್ಪ ಟಯರಿನ, ನೇರ ಹ್ಯಾಂಡಲಿನ, ಹಿಂದೆ ಐದು ಗೇರಿನ ಮೌಂಟನ್ ಬೈಕ್. 1994ರಲ್ಲಿ ಅಣ್ಣ ಹತ್ತನೇ ತರಗತಿ ಪಾಸಾದಾಗ ಅಪ್ಪ ಕೊಡಿಸಿದ್ದು. ಕಂಪೆನಿಯ ಹೆಸರಿನ ಸ್ಟಿಕ್ಕರು ಎಂದೋ ಉದುರಿ ಹೋಗಿದೆ.

ಆಗ ಹೀರೋ, ಹರ್ಕ್ಯುಲಿಸ್, ಬಿ.ಎಸ್.ಎ. ಇಂಥ ಹೆಸರುಗಳೇ ಹುಡುಗರ ಬಾಯಲ್ಲಿ. ಅಪ್ಪನ ಕಾಲದ ಕಪ್ಪು ಸೈಕಲಿನ ಮುಂದೆ ಇದೊಂದು ರಾಜಕುಮಾರನ ಕುದುರೆಯ ಹಾಗೆ ಕಾಣುತ್ತಿತ್ತು. ಏರು-ಇಳಿಜಾರಿನ ನಮ್ಮ ಮಂಗಳೂರಿಗೆ ಗೇರಿನ ಸೈಕಲೇ ಸರಿ ಎಂದು ಅಣ್ಣನ ವಾದ. ಒಂದೇ ವರ್ಷ ಓಡಿಸಿದ್ದು. 1995ರ ಜೂನಿನಲ್ಲಿ, ಮೊದಲ ಜೋರು ಮಳೆಗೆ, ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವಾಗ ಅಣ್ಣ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಬಾಯಿಗೆ ಹೊಡೆದುಬಿಟ್ಟ. ಪುಣ್ಯಕ್ಕೆ ಆಕೆಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಣ್ಣನ ಗದ್ದಕ್ಕೆ ಆರು ಹೊಲಿಗೆ. ಚೆಲ್ಲಿಹೋದ ಮೀನಿನ ದುಡ್ಡು ಅಪ್ಪ ಕೊಟ್ಟರು.

"ಬ್ರೇಕ್ ಹಿಡಿದೆ ಅಪ್ಪ, ಹಿಡಿಯಲೇ ಇಲ್ಲ" ಎಂದ ಅಣ್ಣ. ಅಪ್ಪ ಅಂಗಳದಲ್ಲೇ ಸೈಕಲಿನ ಚಕ್ರ ತಿರುಗಿಸಿ ಬ್ರೇಕ್ ಒತ್ತಿ ನೋಡಿದರು. ಗಪ್ಪೆಂದು ನಿಂತಿತು. "ಸುಳ್ಳು ಬೇರೆ ಹೇಳ್ತಿಯಾ?" ಎಂದರು. ನನ್ನ ಕಡೆ ತಿರುಗಿ, "ನೀನು ಹೇಳು, ಇವ ಹೇಗೆ ಬಿಡುವುದು?" ಎಂದು ಕೇಳಿದರು. ಆಗ ನನಗೆ ಹದಿನೈದು. "ಅಣ್ಣ ಯಾವಾಗಲೂ ಜೋರೇ ಬಿಡುವುದು" ಎಂದೆ. ನಿಜವೇ ಹೇಳಿದ್ದೆ, ಆದರೆ ಆ ದಿನ ನಾನು ಅಲ್ಲಿ ಇರಲಿಲ್ಲ. ಅಂದೇ ಸೈಕಲು ಅಟ್ಟ ಸೇರಿತು. ಆಮೇಲೆ ಅಣ್ಣ ಅಪ್ಪನ ಹತ್ತಿರ ಏನನ್ನೂ ಕೇಳಿ ಪಡೆದದ್ದು ನನಗೆ ನೆನಪಿಲ್ಲ. ಇಪ್ಪತ್ತೊಂದಕ್ಕೆ ದಮಾಮಿಗೆ ಹೋದ. ಈಗಲೂ ಅಲ್ಲೇ. ಅಪ್ಪ 2018ರಲ್ಲಿ ತೀರಿಕೊಂಡರು.

ಇಷ್ಟು ಹಿಂದಿನ ಕಥೆ. ಈಗಿನದ್ದು ಕೇಳಿ. ನನ್ನ ಮಗಳು ಈ ವರ್ಷ ಪಿ.ಯು.ಸಿ. ಗೇರಿನ ಹೊಸ ಸೈಕಲು ಬೇಕೆಂದು ಆರು ತಿಂಗಳಿಂದ ಹಠ. ಅಂಗಡಿಯಲ್ಲಿ ಕೇಳಿದರೆ ಹದಿನಾಲ್ಕು ಸಾವಿರ. ಇವರು, "ಮುಂದಿನ ವರ್ಷ ನೋಡುವ" ಎಂದರು. ಮುಂದಿನ ವರ್ಷ ಎಂದರೆ ಏನೆಂದು ನಮಗೆಲ್ಲ ಗೊತ್ತಲ್ಲ! ಅಟ್ಟದ ಸೈಕಲು ಕಂಡದ್ದೇ ಮಗಳು, "ಅಮ್ಮ, ಇದನ್ನೇ ಸರಿ ಮಾಡುವ" ಎಂದಳು. ಹಳೆಯ ಸಾಮಾನು ಕೊಳ್ಳುವವನು ಕಿಲೋ ಲೆಕ್ಕದಲ್ಲಿ ಕೇಳಿದ್ದ. ಕೊಡಲಿಲ್ಲ.

ಬಂದರಿನ ಹತ್ತಿರ ಒಂದು ಓಣಿಯಲ್ಲಿ ಎಪ್ಪತ್ತು ದಾಟಿದ ಕಾಕ ಒಬ್ಬರಿದ್ದಾರೆ. ಗಂಟೆಗೆ ಇಷ್ಟೆಂದು ಸೈಕಲು ಬಾಡಿಗೆಗೆ ಕೊಡುತ್ತಿದ್ದ ಕಾಲದಿಂದ ಅದೇ ಕಸುಬು. ಸೈಕಲಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಅಕ್ಕ, ಫ್ರೇಮು ಗಟ್ಟಿ ಉಂಟು. ಆದರೆ ಎಲ್ಲಾ ನಾನೇ ಮಾಡಿದರೆ ಮಜೂರಿ ನಿಮಗೆ ಭಾರ ಆಗ್ತದೆ. ಉಜ್ಜುವುದು, ತೊಳೆಯುವುದು ನೀವೇ ಮಾಡಿ. ಚಕ್ರ ನನಗೆ ಬಿಡಿ" ಎಂದರು. ಹೀಗೆ ನಾನು, ಮಗಳು ಮೂರು ವಾರ ಅಂಗಳದಲ್ಲಿ ಕುಳಿತೆವು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಮೂಲೆಯಲ್ಲಿ ಇದ್ದರೆ ಉಪಯೋಗಕ್ಕೆ ಬರಲೆಂದು ಕ್ರಮವಾಗಿ ಬರೆಯುತ್ತೇನೆ.

ಮೊದಲು ಫ್ರೇಮು. ಬೇರೆ ಎಲ್ಲವನ್ನೂ ಬದಲಿಸಬಹುದು, ಫ್ರೇಮು ಹೋಗಿದ್ದರೆ ಸೈಕಲೇ ಹೋದ ಹಾಗೆ. ಪೆಡಲಿನ ಅಚ್ಚು ಹಾಯುವ ಕೆಳಗಿನ ಗಡಿಗೆ, ಸೀಟಿನ ಕೆಳಗಿನ ಬೆಸುಗೆ, ಹ್ಯಾಂಡಲಿನ ಕುತ್ತಿಗೆ - ಈ ಮೂರು ಜಾಗದಲ್ಲಿ ಕೂದಲೆಳೆಯ ಬಿರುಕು ಉಂಟಾ, ತುಕ್ಕು ತಿಂದು ತೂತಾಗಿದೆಯಾ ಎಂದು ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ಬಿರುಕು ಕಂಡರೆ ಆಸೆ ಬಿಟ್ಟುಬಿಡಿ. ಮೇಲಿನ ತುಕ್ಕಾದರೆ ಹೆದರಬೇಕಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮೀರಿ ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಬೀಸುವ ಊರಿನಲ್ಲಿ ತುಕ್ಕು ಹಿಡಿಯದ ಕಬ್ಬಿಣ ಎಲ್ಲಿದೆ!

ಬಿಚ್ಚುವ ಮುಂಚೆ ಪ್ರತಿಯೊಂದು ಭಾಗದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಒಂದೊಂದು ಕಡೆಯ ನಟ್ಟು, ವಾಷರುಗಳನ್ನು ಒಂದೊಂದು ಹಳೆಯ ಉಪ್ಪಿನಕಾಯಿ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಿ. ಇನ್ನೊಂದು ಮುಖ್ಯ ಮಾತು: ಎಡಗಡೆಯ ಪೆಡಲಿನ ಮರೆ ಉಲ್ಟಾ. ಬೇರೆ ಹೆಚ್ಚಿನವು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ, ಇದು ಬಲಕ್ಕೆ. ತುಳಿಯುವಾಗ ತಾನಾಗಿ ಸಡಿಲವಾಗದಿರಲೆಂದು ಹಾಗೆ ಮಾಡಿದ್ದು. ತಿಳಿಯದೆ ನಾನು ಅರ್ಧ ಗಂಟೆ ಅದನ್ನು ಇನ್ನೂ ಬಿಗಿ ಮಾಡಿದ್ದೆ! ಕಾಕ ನಕ್ಕು ನಕ್ಕು ಸುಸ್ತಾದರು.

ಸೀಟಿನ ಕಂಬಿ ತುಕ್ಕಿನಿಂದ ಕಚ್ಚಿಕೊಂಡಿತ್ತು. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮೂರು ರಾತ್ರಿ ಬಿಟ್ಟೆವು. ದಿನಕ್ಕೊಮ್ಮೆ ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ನಾಲ್ಕನೆಯ ದಿನ ಸೀಟನ್ನು ಹಿಡಿದು ಆಚೀಚೆ ತಿರುಗಿಸಿದಾಗ ಕಿರ್ರೆಂದು ಬಂತು. ಅವಸರ ಮಾಡಿ ಹೊಡೆದರೆ ಫ್ರೇಮು ಸೀಳುತ್ತದೆ. ಹೊಸದಾಗಿ ಹಾಕುವಾಗ ಕಂಬಿಗೆ ಗ್ರೀಸು ಸವರಿಯೇ ಇಳಿಸಬೇಕು.

ಹೊಳಪಿನ ಭಾಗಗಳ ತುಕ್ಕಿಗೆ ಅಡಿಗೆಮನೆಯಲ್ಲೇ ಮದ್ದು ಉಂಟು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಹ್ಯಾಂಡಲನ್ನು ಉಜ್ಜಿ. ಹದಿನೈದು ನಿಮಿಷದಲ್ಲಿ ಮುಖ ಕಾಣುತ್ತದೆ. ಸಣ್ಣ ಕಬ್ಬಿಣದ ನಟ್ಟುಗಳನ್ನು ಒಂದು ರಾತ್ರಿ ವಿನೆಗರಿನಲ್ಲಿ ಹಾಕಿಡಿ. ಬೆಳಿಗ್ಗೆ ಸೋಪುನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೂಡಲೇ ಎಣ್ಣೆ ಮುಟ್ಟಿಸಿ. ಹಾಗೇ ಬಿಟ್ಟರೆ ಸಂಜೆಯೊಳಗೆ ಪುನಃ ಕೆಂಪು. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಹುಳಿಯಲ್ಲಿ ಹಾಕಬೇಡಿ, ಕಪ್ಪಾಗುತ್ತವೆ.

ಚೈನಿಗೆ ತೆಂಗಿನೆಣ್ಣೆ ಹಾಕುವವರಿದ್ದಾರೆ. ಬೇಡ. ಮಳೆಗೆ ತೊಳೆದುಹೋಗುತ್ತದೆ, ಉಳಿದದ್ದು ಧೂಳು ಹಿಡಿದು ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಬೇಸಗೆಗೆ ಪರವಾಗಿಲ್ಲ, ಆದರೆ ತೆಳು. ಮಳೆಗಾಲಕ್ಕೆ ಚೈನಿನದ್ದೇ ದಪ್ಪ ಎಣ್ಣೆ ಬೇಕು. ಹಾಕಿದ ಮೇಲೆ ಹೊರಗಿನದ್ದನ್ನು ಬಟ್ಟೆಯಿಂದ ಒರಸಿಬಿಡಿ. ಎಣ್ಣೆಯ ಕೆಲಸ ಒಳಗೆ, ಹೊರಗಲ್ಲ. ಚೈನು ಸವೆದಿದೆಯೇ ಎಂದು ತಿಳಿಯಲು ಕಬ್ಬಿಣದ ಸ್ಕೇಲು ಸಾಕು. ಒಂದು ಗೂಟದಿಂದ ಎಣಿಸಿ ಇಪ್ಪತ್ತನಾಲ್ಕು ಕೊಂಡಿ ಸರಿಯಾಗಿ 12 ಇಂಚು ಇರಬೇಕು. 12 ಇಂಚಿನ ಮೇಲೆ ಎಂಟನೇ ಒಂದಂಶ ಹೆಚ್ಚಾದರೆ ಬದಲಿಸಿ. ಬಟ್ಟೆ ಅಳೆಯುವ ಟೇಪಿನಿಂದ ನೋಡಬೇಡಿ, ಅದು ತಾನೇ ಹಿಗ್ಗಿರುತ್ತದೆ.

ಹಬ್ಬು ಬಿಚ್ಚಿದಾಗ ಒಳಗಿನ ಗ್ರೀಸು ಒಣಗಿ ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಮುಂದಿನ ಚಕ್ರದಲ್ಲಿ ಒಂದೊಂದು ಬದಿಗೆ ಹತ್ತು ಸಣ್ಣ ಬಾಲ್ಸು, ಹಿಂದಿನದರಲ್ಲಿ ಒಂಬತ್ತೊಂಬತ್ತು ದೊಡ್ಡವು. ಹಳೆಯ ಬಾಲ್ಸು ಉಜ್ಜಿ ಉಳಿಸುವ ಜಿಪುಣತನ ಬೇಡ, ಹೊಸದಕ್ಕೆ ಹೆಚ್ಚು ದುಡ್ಡಿಲ್ಲ. ಬಟ್ಟಲಿಗೆ ಗ್ರೀಸು ತುಂಬಿ ಒಂದೊಂದನ್ನೇ ಕೂರಿಸಿದರೆ ಬೀಳದೆ ನಿಲ್ಲುತ್ತವೆ, ಲಾಡಿನಲ್ಲಿ ದ್ರಾಕ್ಷಿ ಕೂರಿಸಿದ ಹಾಗೆ. ಮೇಲಿನ ಕೋನನ್ನು ಬಿಗಿಮಾಡುವುದರಲ್ಲಿ ಹದ ಬೇಕು: ಚಕ್ರ ಅಲುಗಾಡಬಾರದು, ತಿರುಗಲು ತಡೆಯೂ ಬಾರದು.

ಗ್ರೀಸು ತುಂಬಿಸುತ್ತಾ ಕುಳಿತಾಗ ಮಗಳು ಒಂದು ಸ್ವಾರಸ್ಯ ಓದಿ ಹೇಳಿದಳು. ಈ ಮೌಂಟನ್ ಬೈಕು ಹುಟ್ಟಿದ್ದೇ ಹಳೆಯ ಸೈಕಲುಗಳಿಂದವಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಮಲ್ಪಾಯಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930ರ ಕಾಲದ, ದಪ್ಪ ಟಯರಿನ, ಯಾರೂ ಬೇಡವೆಂದ ಭಾರದ ಸೈಕಲುಗಳನ್ನು ಸರಿಮಾಡಿಕೊಂಡು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಯಲು ತೊಡಗಿದರು. 1976ರಲ್ಲಿ ಪಂದ್ಯವನ್ನೇ ಏರ್ಪಡಿಸಿದರು. ಆ ಸೈಕಲುಗಳ ಬ್ರೇಕು ಹಿಂದಿನ ಹಬ್ಬಿನ ಒಳಗೆ. ಒಮ್ಮೆ ಇಳಿಯುವಷ್ಟರಲ್ಲಿ ಅದು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಪ್ರತಿ ಸಲವೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರು ಬಂತಂತೆ. ಅವರಲ್ಲಿ ಜೋ ಬ್ರೀಜ್ ಎಂಬವರು 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದರು. 1981ರ ಹೊತ್ತಿಗೆ ಕಂಪೆನಿಗಳು ಅಂಗಡಿಗೆ ತಂದವು. ಆ ಗಂಡಸರ ಗುಂಪಿನೊಡನೆ ವೆಂಡಿ ಕ್ರ್ಯಾಗ್ ಎಂಬ ಹೆಂಗಸೂ ಬೆಟ್ಟ ಹತ್ತಿ ಇಳಿದವರು. ಆ ದಿನಗಳ ಚಿತ್ರಗಳನ್ನು ಕ್ಯಾಮರಾದಲ್ಲಿ ಹಿಡಿದಿಟ್ಟವರೂ ಅವರೇ. "ನೋಡು, ಹೆಂಗಸರು ಎಲ್ಲಿಯೂ ಉಂಟು" ಎಂದು ನಾನು ಹೇಳಿದ್ದಕ್ಕೆ ಮಗಳು, "ಫೋಟೊ ತೆಗೆದವರು ಫೋಟೊದಲ್ಲಿ ಕಾಣುವುದಿಲ್ಲ ಅಮ್ಮ" ಎಂದಳು. ಹದಿನಾರರ ಹುಡುಗಿಯ ಮಾತು!

ಇನ್ನು ಟಯರು. ಇಲ್ಲಿ ನಾನು ದುಡ್ಡು ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ. "26 ಇಂಚಿನ ಟಯರು ಕೊಡಿ" ಎಂದು ತಂದದ್ದು ರಿಮ್ಮಿಗೆ ಕೂರಲೇ ಇಲ್ಲ. 26 ಎಂದು ಬರೆದದ್ದೆಲ್ಲ ಒಂದೇ ಅಲ್ಲ. 26 × 1⅜ ಎಂದು ಭಿನ್ನರಾಶಿಯಲ್ಲಿ ಬರೆದದ್ದು ಬೇರೆ ಜಾತಿ, ಅದರ ಒಳ ಅಡ್ಡಳತೆ 590 ಮಿಲಿಮೀಟರು. 26 × 1.95, 26 × 2.10 ಎಂದು ದಶಮಾಂಶದಲ್ಲಿ ಬರೆದದ್ದು ಮೌಂಟನ್ ಬೈಕಿನದ್ದು, ಅದು 559. ಹಳೆಯ ಟಯರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಈ ಮೂರಂಕಿ ಇರುತ್ತದೆ. ಅದನ್ನು ಬರೆದುಕೊಂಡೇ ಅಂಗಡಿಗೆ ಹೋಗಿ.

ಈಗ ಬ್ರೇಕಿನ ಮಾತಿಗೆ ಬಂದೆ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಬರೆದದ್ದು.

ಚಕ್ರಗಳನ್ನು ಉಜ್ಜಿ ಬೆಳ್ಳಿಯಂತೆ ಹೊಳಪಿಸಿ ಕಾಕನ ಮುಂದೆ ಇಟ್ಟೆ. ಹೊಗಳುತ್ತಾರೆ ಎಂದುಕೊಂಡಿದ್ದೆ. "ಚಂದ ಆಗಿದೆ ಅಕ್ಕ. ಆದರೆ ಈ ರಿಮ್ಮು ಬೇಡ. ಮಗು ಓಡಿಸುವುದಲ್ಲವಾ?" ಎಂದರು. ಯಾಕೆಂದು ಕೇಳಿದೆ. ಮಾತಾಡದೆ ಹಳೆಯ ಚಕ್ರವನ್ನು ಸೈಕಲಿಗೆ ಸಿಕ್ಕಿಸಿ, ಹೊಸ ಬ್ರೇಕ್ ರಬ್ಬರು ಹಾಕಿ, ಜೋರಾಗಿ ತಿರುಗಿಸಿ ಬ್ರೇಕ್ ಒತ್ತಿದರು. ಗಪ್ಪೆಂದು ನಿಂತಿತು. ಅಪ್ಪ ಅಂಗಳದಲ್ಲಿ ಒತ್ತಿದಾಗ ನಿಂತ ಹಾಗೆಯೇ.

ಆಮೇಲೆ ಒಂದು ತಂಬಿಗೆ ನೀರು ತಂದು ರಿಮ್ಮಿನ ಮೇಲೆ ಸುರಿದರು. ಪುನಃ ತಿರುಗಿಸಿ ಒತ್ತಿದರು. ಚಕ್ರ ನಿಲ್ಲಲಿಲ್ಲ. ರಬ್ಬರು ಒತ್ತಿಕೊಂಡೇ ಇದೆ, ಚಕ್ರ ಸುತ್ತುತ್ತಲೇ ಇದೆ.

"ಇದು ಸ್ಟೀಲಿನ ರಿಮ್ಮು. ಮೇಲೆ ಕ್ರೋಮಿನ ನುಣುಪು. ಒಣಗಿದ್ದಾಗ ಹಿಡಿಯುತ್ತದೆ, ಒದ್ದೆಯಾದರೆ ನೀರಿನ ಪೊರೆಯ ಮೇಲೆ ರಬ್ಬರು ಜಾರುತ್ತದೆ. ಯಾವ ಕಂಪೆನಿಯದ್ದಾದರೂ ಅಷ್ಟೇ. ಹಿಂದೆ ಹಾಲಿನವರು ಮಳೆಗೆ ಇಳಿಜಾರಿನಲ್ಲಿ ಸೈಕಲಿಂದ ಇಳಿದು ತಳ್ಳಿಕೊಂಡು ಬರುತ್ತಿದ್ದದ್ದು ಸುಮ್ಮನೆ ಅಲ್ಲ. ಹುಡುಗರಿಗೆ ಇದು ಯಾರು ಹೇಳುತ್ತಾರೆ?"

ಸೋದರಿಯರೇ, ನಾನು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟೆ. ಮೂವತ್ತು ವರ್ಷದ ಹಿಂದಿನ ಮಾತು ಕಿವಿಯಲ್ಲಿ ಕೇಳಿಸಿದ ಹಾಗಾಯಿತು. "ಬ್ರೇಕ್ ಹಿಡಿದೆ ಅಪ್ಪ, ಹಿಡಿಯಲೇ ಇಲ್ಲ." ಅಪ್ಪ ಪರೀಕ್ಷೆ ಮಾಡಿಯೇ ತೀರ್ಮಾನ ಹೇಳಿದ್ದರು, ಅನ್ಯಾಯ ಮಾಡಬೇಕೆಂದು ಅಲ್ಲ. ಆದರೆ ಸೈಕಲನ್ನು ಒರಸಿ ಜಗಲಿಯ ಬದಿಯಲ್ಲಿ ನಿಲ್ಲಿಸಿದ ಮೇಲೆ, ಒಣಗಿದ ಚಕ್ರದಲ್ಲಿ ನೋಡಿದ ಪರೀಕ್ಷೆ ಅದು. ಸಾಕ್ಷಿ ಹೇಳಿದವಳು ನಾನು.

ಕಾಕ ಅಲ್ಯೂಮಿನಿಯಂ ರಿಮ್ಮು ತರಿಸಿದರು. ತೂತು ಮೂವತ್ತಾರೇ ಇರಬೇಕು, ಅಳತೆ ಅದೇ 559. ರಿಮ್ಮಿನ ಎತ್ತರ ಬೇರೆಯಾದ್ದರಿಂದ ಹಳೆಯ ಕಡ್ಡಿಗಳು ಆಗುವುದಿಲ್ಲ, ಅಳೆದು ಹೊಸತನ್ನೇ ಹಾಕಿದರು. ಹಳೆಯ ಹಬ್ಬಿಗೆ ಹೊಸ ಚಕ್ರ ಹೆಣೆಯುವುದನ್ನು ನೋಡಬೇಕು, ಮಲ್ಲಿಗೆ ಕಟ್ಟುವ ಬೆರಳುಗಳಿಗೂ ಅಷ್ಟು ಓಟವಿಲ್ಲ. ಮುಗಿದ ಮೇಲೆ ನಾನೇ ತಂಬಿಗೆ ನೀರು ಸುರಿದು ಒತ್ತಿ ನೋಡಿದೆ. ಅರೆಕ್ಷಣ ಜಾರಿತು, ಆಮೇಲೆ ನಿಂತಿತು. ಆ ಅರೆಕ್ಷಣವನ್ನೂ ಮರೆಯಬಾರದು: ಮಳೆಯಲ್ಲಿ ಎಷ್ಟು ಒಳ್ಳೆಯ ರಿಮ್ಮಾದರೂ ಮೊದಲು ನೀರು ಒರಸಿಕೊಂಡೇ ಹಿಡಿಯುವುದು. ಇಳಿಜಾರಿಗೆ ಮುಂಚೆಯೇ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಇಳಿಯಬೇಕು.

ಕೊನೆಯದು ಮೈಗೆ ಹೊಂದಿಸುವುದು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲೆ ಇಟ್ಟಾಗ ಕಾಲು ನೇರವಾಗಬೇಕು. ಮುಂಗಾಲಲ್ಲಿ ತುಳಿಯುವಾಗ ಮಂಡಿ ತುಸು ಬಗ್ಗಿ ಸರಿಯಾಗುತ್ತದೆ. ಕಂಬಿಯ ಮೇಲಿನ ಗುರುತು ದಾಟಿ ಎತ್ತರಿಸಬಾರದು. ಬ್ರೇಕಿನ ಹಿಡಿ ಹುಡುಗಿಯ ಬೆರಳಿಗೆ ಎಟಕುವಂತಿರಬೇಕು. ಗೇರಿನ ಯಂತ್ರದಲ್ಲಿ ಎರಡು ಸಣ್ಣ ಸ್ಕ್ರೂ ಇವೆ, ಚೈನು ಎರಡು ತುದಿಯಲ್ಲಿ ಗಡಿ ದಾಟದ ಹಾಗೆ ಕಾಯುವ ಬೇಲಿ ಅವು. ಅದು ಸಡಿಲಿದ್ದರೆ ಚೈನು ಹಾರಿ ಕಡ್ಡಿಗೆ ಸಿಕ್ಕಿಬೀಳುತ್ತದೆ. ಗಾಳಿಯನ್ನು ಟಯರಿನ ಮೇಲೆ ಬರೆದ ಮಿತಿಯೊಳಗೆ ತುಂಬಿ. ನಮ್ಮದರಲ್ಲಿ 40ರಿಂದ 65 ಎಂದಿತ್ತು, ಮಳೆಗಾಲವೆಂದು 45ಕ್ಕೆ ನಿಲ್ಲಿಸಿದೆವು. ತಲೆಗೆ ಹೆಲ್ಮೆಟು ಇಲ್ಲದೆ ಗೇಟು ದಾಟುವಂತಿಲ್ಲ ಎಂದು ನಮ್ಮ ಮನೆಯ ಕಾನೂನು.

ಖರ್ಚಿನ ಲೆಕ್ಕ: ಟಯರು, ಟ್ಯೂಬು 1,100, ರಿಮ್ಮು, ಕಡ್ಡಿ 1,400, ಚೈನು, ಬ್ರೇಕ್ ರಬ್ಬರು, ವಯರು 450, ಬಾಲ್ಸು, ಗ್ರೀಸು, ಎಣ್ಣೆ 150, ಕಾಕನ ಮಜೂರಿ 800. ಒಟ್ಟು 3,900 ರೂಪಾಯಿ. ತಪ್ಪು ಟಯರಿಗೆ ಹೋದ ದುಡ್ಡನ್ನು ಇವರಿಗೆ ಹೇಳಿಲ್ಲ, ನೀವೂ ಹೇಳಬೇಡಿ!

ಶುಕ್ರವಾರ ಅಣ್ಣನಿಗೆ ರಜೆ. ಫೋನು ಮಾಡಿದೆ. ಕಾಕ ನೀರು ಸುರಿದದ್ದು, ಚಕ್ರ ನಿಲ್ಲದೆ ಇದ್ದದ್ದು ಎಲ್ಲಾ ಹೇಳಿದೆ. "ಅಣ್ಣ, ಆ ದಿನ ನೀನು ಹೇಳಿದ್ದೇ ಸತ್ಯ. ನಾನು ಕಾಣದ್ದಕ್ಕೆ ಸಾಕ್ಷಿ ಹೇಳಿದೆ. ತಪ್ಪಾಯಿತು" ಎಂದೆ. ಅಲ್ಲಿಂದ ಸದ್ದಿಲ್ಲ. ಫೋನು ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಹಲೋ ಎಂದೆ. ಆಮೇಲೆ, "ಅಮ್ಮನಿಗೆ ಹೇಳಿದೆಯಾ?" ಎಂದು ಕೇಳಿದ. ಹೇಳಿದ್ದೇನೆ ಎಂದೆ. "ಅಪ್ಪ ಇರಬೇಕಿತ್ತು" ಎಂದಷ್ಟೇ ಅಂದ. ಸ್ವಲ್ಪ ತಡೆದು, "ಮುಂದಿನ ಬ್ರೇಕು ಬಲಗೈಗೆ ಕೊಟ್ಟಿದ್ದೀರಾ, ಎಡಗೈಗಾ? ಹುಡುಗಿಗೆ ಸರಿಯಾಗಿ ತೋರಿಸಿಕೊಡು" ಎಂದು ಶುರು ಮಾಡಿದವ ಮುಕ್ಕಾಲು ಗಂಟೆ ಸೈಕಲಿನದ್ದೇ ಮಾತಾಡಿದ. ಅಷ್ಟು ಹೊತ್ತು ಅವನು ನನ್ನೊಡನೆ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಅಮ್ಮ ಸೈಕಲಿಗೆ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಒಂದು ಮೊಳ ಮಲ್ಲಿಗೆ ಸುತ್ತಿದರು. ಮಗಳು ಹತ್ತಿದಳು. ಗೇಟಿನ ಹತ್ತಿರ ಹೋಗಿ ಬ್ರೇಕು ಒತ್ತಿ ನೋಡಿಕೊಂಡೇ ರಸ್ತೆಗೆ ಇಳಿದಳು.

ನಮ್ಮ ಮನೆಗಳಲ್ಲಿ ಗ್ಲಾಸು ಒಡೆದರೆ, ಹಾಲು ಉಕ್ಕಿದರೆ, ಮಾರ್ಕು ಕಡಿಮೆಯಾದರೆ ಮೊದಲು ಬಾಯಿಗೆ ಬರುವುದು "ನಿನ್ನದೇ ತಪ್ಪು" ಎಂದು. ಮಗುವಿನ ಮಾತನ್ನು ಪರೀಕ್ಷಿಸುವುದಾದರೆ ಅದು ಬಿದ್ದ ಮಳೆಯಲ್ಲೇ ಪರೀಕ್ಷಿಸಬೇಕು, ನಮ್ಮ ಒಣಗಿದ ಅಂಗಳದಲ್ಲಿ ಅಲ್ಲ. ನಿಮ್ಮ ಮನೆಯಲ್ಲಿ ಸ್ಟೀಲಿನ ರಿಮ್ಮಿನ ಸೈಕಲು ಇದ್ದರೆ ಇಂದೇ ಒಂದು ತಂಬಿಗೆ ನೀರು ಸುರಿದು ನೋಡಿ. ಮಳೆಗಾಲ ದೂರವಿಲ್ಲ.

ಮುಂದಿನ ಸಂಚಿಕೆಯಲ್ಲಿ ಹಲವರು ಕೇಳಿದ ಕೆಸುವಿನೆಲೆಯ ಪತ್ರೊಡೆ, ಬಾಯಿ ತುರಿಸದ ಹಾಗೆ ಮಾಡುವ ಬಗೆ. ಅಲ್ಲಿವರೆಗೆ ನಮಸ್ಕಾರ.